ಆಡು ಮುಟ್ಟದ ಸೊಪ್ಪು

ಆಡು ಮುಟ್ಟದ ಸೊಪ್ಪಿಲ್ಲ ಎಂಬ ಗಾದೆಯನ್ನು ಕಟ್ಟಿದ ನಮ್ಮ ಹಿರಿಯರು ನೀಲಗಿರಿ ತೋಪನ್ನು ಕಂಡವರಲ್ಲ. ಕಂಡಿದ್ದರೆ ಗಾದೆಯನ್ನು ತಿದ್ದುತ್ತಿದ್ದರು. ತುಮಕೂರಿನಿಂದ ಕೊರಟಗೆರೆ, ಮಧುಗಿರಿಗಳ ಕಡೆಗೆ ಬೇಸಿಗೆಯಲ್ಲಿ ಹೊರಟವರು ಈಗಲೂ ನೋಡಬಹುದು. ನೆಟ್ಟಗೆ ನಿಂತ ನೀಲಗಿರಿ ಸಾಲುಗಳ ಕೆಳಗೆ ಆಡಿನ ಹಿಂಡು ಬರುತ್ತದೆ, ಮೂಸುತ್ತದೆ, ಮುಂದಕ್ಕೆ ಹೋಗುತ್ತದೆ. ಅದೇ ಹಿಂಡು ಯಾರದೋ ಹಿತ್ತಲ ಬೇಲಿಯಿಂದಾಚೆಗೆ ಬಾಗಿದ ಹಲಸಿನ ಕೊಂಬೆಯನ್ನು ಕಂಡರೆ ಹಿಂಗಾಲ ಮೇಲೆ ನಿಂತುಬಿಡುತ್ತದೆ. ನಮ್ಮ ಜಿಲ್ಲೆಯ ಮೇವಿನ ಸ್ಥಿತಿಯನ್ನು ತಿಳಿಯಬೇಕಾದವರು ವರದಿಗಳನ್ನು ತಿರುವಿಹಾಕುವ ಮೊದಲು ಈ ಎರಡು ನೋಟಗಳನ್ನು ಒಮ್ಮೆ ಕಣ್ಣಾರೆ ಕಂಡು ಬರುವುದು ಒಳ್ಳೆಯದು.

ಹಣ್ಣಿನ ಮರಗಳ ಸೊಪ್ಪನ್ನು ಪರ್ಯಾಯ ಮೇವಾಗಿ ಬಳಸಿಕೊಳ್ಳಿರೆಂಬ ಉಪದೇಶ ಬರ ಬಂದಾಗಲೆಲ್ಲ ಕೇಳಿಬರುತ್ತದೆ. ಶಿಬಿರಗಳಲ್ಲಿ ಹೇಳುತ್ತಾರೆ, ಕರಪತ್ರಗಳಲ್ಲಿ ಅಚ್ಚು ಹಾಕಿಸುತ್ತಾರೆ. ಮಾತು ಸುಳ್ಳಲ್ಲ. ಆದರೆ ಪರ್ಯಾಯ ಎಂಬ ಪದವನ್ನು ಕೇಳಿದಾಗ ನಮಗೆ ಸ್ವಲ್ಪ ನಗು ಬರುತ್ತದೆ. ಹೊಲವಿಲ್ಲದವನ ಆಡಿಗೆ ಸೊಪ್ಪು ಯಾವ ಕಾಲದಲ್ಲಿ ಪರ್ಯಾಯವಾಗಿತ್ತು? ರಾಗಿ ಹುಲ್ಲಿನ ಮೆದೆ ಒಟ್ಟುವವನಿಗೆ ಅದು ಪರ್ಯಾಯ. ಮೆದೆಯೇ ಇಲ್ಲದವನಿಗೆ ಅದೇ ಮೊದಲನೆಯದು, ಅದೇ ಕಡೆಯದು. ಆದುದರಿಂದ ಈ ಉಪದೇಶದಲ್ಲಿ ಹುರುಳೆಷ್ಟು ಎಂಬುದನ್ನು ಮೊದಲು ನೋಡಿ, ಅದು ಹೇಳದೆ ಬಿಟ್ಟಿರುವುದೇನೆಂಬುದನ್ನು ಆಮೇಲೆ ವಾಚಕರ ಮುಂದಿಡುತ್ತೇವೆ.

2023ರ ಮಳೆಗಾಲ ಕೈಕೊಟ್ಟಾಗ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸರ್ಕಾರ ಘೋಷಿಸಿತು. ಮೇವು ಹೊರರಾಜ್ಯಗಳಿಗೆ ಹೋಗದಂತೆ ತಡೆ ಹಾಕಿತು. ನೀರಿನ ಅನುಕೂಲವಿದ್ದ ರೈತರಿಗೆ ಮೇವಿನ ಬೀಜದ ಪೊಟ್ಟಣಗಳನ್ನು ಹಂಚಿತು. ಇವೆಲ್ಲ ಆಗಬೇಕಾಗಿದ್ದ ಕೆಲಸಗಳೇ, ಅಲ್ಲಗಳೆಯುವುದಿಲ್ಲ. ಮಾರನೆಯ ಬೇಸಿಗೆಯಲ್ಲಿ ಶಿರಾ ಕಡೆಯ ಹಳ್ಳಿಯೊಂದರ ಹೆಣ್ಣುಮಗಳೊಬ್ಬಳು ನಮ್ಮ ಕಚೇರಿಯ ಜಗಲಿಯ ಮೇಲೆ ಬಂದು ಕುಳಿತಳು. ಆಕೆಗೆ ಏಳು ಆಡು, ಎರಡು ಮರಿ. ಹೊಲ ಒಂದು ಗುಂಟೆಯೂ ಇಲ್ಲ. ಹುಲ್ಲು ಕೇಳಹೋದಲ್ಲಿ ಪಹಣಿ ತಾ ಎಂದರಂತೆ. ರಸ್ತೆ ಬದಿಯ ಮರದಿಂದ ನಾಲ್ಕು ಕೊಂಬೆ ಸೊಪ್ಪು ಮುರಿದುದಕ್ಕೆ ಬೇರೊಬ್ಬರು ಬಂದು ಕುಡುಗೋಲು ಕಸಿದುಕೊಂಡರಂತೆ. “ಪಾಣಿ ಇಲ್ದೋರ ಆಡು ಏನ್ ತಿನ್ಬೇಕು ಸ್ವಾಮಿ, ನೀವೇ ಯೋಳಿ” ಎಂದಳು. ನಾವು ಹೇಳಲಾರದೆ ಹೋದೆವು. ಕೇಳಿದವರಾರು, ಕಸಿದವರಾರು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಒಬ್ಬ ಗುಮಾಸ್ತನ, ಒಬ್ಬ ಕಾವಲುಗಾರನ ಹೆಸರು ಹೇಳಿ ಮುಗಿಸಿಬಿಡುವ ಸಂಗತಿ ಇದಲ್ಲ.

ಆಕೆಯ ಏಳು ಆಡುಗಳು ಒಂಟಿಯಲ್ಲ. 2019ರ ಜಾನುವಾರು ಗಣತಿಯಲ್ಲಿ ಕರ್ನಾಟಕದಲ್ಲಿ ಸುಮಾರು 62 ಲಕ್ಷ ಆಡುಗಳೂ 1 ಕೋಟಿ 10 ಲಕ್ಷ ಕುರಿಗಳೂ ಲೆಕ್ಕಕ್ಕೆ ಸಿಕ್ಕವು. ದನಗಳು ಸುಮಾರು 85 ಲಕ್ಷ, ಎಮ್ಮೆಗಳು ಸುಮಾರು 30 ಲಕ್ಷ. ತಲೆ ಎಣಿಸಿದರೆ ಕುರಿ ಆಡುಗಳದೇ ಮೇಲುಗೈ. ಆದರೂ ಮೇವು ಎಂದೊಡನೆ ಅಧಿಕಾರಿವರ್ಗದ ಕಣ್ಣಮುಂದೆ ನಿಲ್ಲುವುದು ಹಸು. ಹಸುವಿನ ಹಿಂದೆ ಅದರ ಯಜಮಾನ. ಯಜಮಾನನ ಕೈಯಲ್ಲಿ ಪಹಣಿ.

ಇರಲಿ. ಮೊದಲು ಸೊಪ್ಪಿನ ಗುಣವನ್ನು ನೋಡೋಣ.

ಮೆಲುಕು ಹಾಕುವ ಪ್ರಾಣಿಯ ಹೊಟ್ಟೆಯ ದೊಡ್ಡ ಚೀಲದಲ್ಲಿ ಕೋಟ್ಯಂತರ ಸೂಕ್ಷ್ಮಜೀವಿಗಳು ಸೇರಿ ನಾರನ್ನು ಕರಗಿಸುವ ಕೆಲಸ ಮಾಡುತ್ತವೆ. ಈ ಕೂಲಿಗಳಿಗೂ ಊಟ ಬೇಕು. ಮೇವಿನ ಒಣ ತೂಕದಲ್ಲಿ ನೂರಕ್ಕೆ ಏಳೆಂಟು ಭಾಗವಾದರೂ ಸಸಾರಜನಕ, ಅಂದರೆ ಪ್ರೋಟೀನು, ಇಲ್ಲದೆ ಹೋದರೆ ಅವು ಕೆಲಸ ನಿಧಾನ ಮಾಡುತ್ತವೆ. ಹೊಟ್ಟೆ ತುಂಬಿದ್ದರೂ ಪ್ರಾಣಿ ಬಡವಾಗುತ್ತದೆ. ರಾಗಿ ಹುಲ್ಲು, ನೆಲ್ಲು ಹುಲ್ಲುಗಳಲ್ಲಿ ಇದು ಮೂರು ನಾಲ್ಕು ಭಾಗ ಮಾತ್ರ. ಹಲಸಿನ ಸೊಪ್ಪಿನಲ್ಲಾದರೋ ಎಲೆಯ ವಯಸ್ಸನ್ನೂ ಮಣ್ಣನ್ನೂ ಅನುಸರಿಸಿ ಹನ್ನೆರಡರಿಂದ ಹದಿನಾರರವರೆಗೆ ಇರುತ್ತದೆ. ಎಲಚಿ ಸೊಪ್ಪಿನಲ್ಲಿಯೂ ಹೆಚ್ಚುಕಡಿಮೆ ಅಷ್ಟೇ. ಮಾವಿನ ಎಲೆಯಲ್ಲಿ ಅದಕ್ಕಿಂತ ಕಡಿಮೆ, ಎಂಟು ಹತ್ತರ ಆಸುಪಾಸು. ಹುಲ್ಲಿನ ಕೊರತೆಯನ್ನು ಸೊಪ್ಪು ತುಂಬಿಕೊಡುತ್ತದೆ ಎಂದರೆ ಬರಿಯ ಹೊಟ್ಟೆಯನ್ನು ತುಂಬಿಸುತ್ತದೆ ಎಂದಲ್ಲ. ತಿಂದ ಒಣಹುಲ್ಲು ಮೈಗೆ ಹತ್ತುವಂತೆ ಮಾಡುತ್ತದೆ. ಬಾಂಗ್ಲಾದೇಶ, ಶ್ರೀಲಂಕಾ, ವಿಯೆಟ್ನಾಂಗಳ ಬಡ ಒಕ್ಕಲುಗಳು ಹಲಸಿನ ಸೊಪ್ಪಿನಿಂದಲೇ ಆಡು ಸಾಕುತ್ತಿರುವುದು ಪ್ರಯೋಗಶಾಲೆಯವರು ಹೇಳಿಕೊಟ್ಟದ್ದರಿಂದಲ್ಲ. ಬೆಂಗಳೂರಿನಲ್ಲಿ ಬಕ್ರೀದಿನ ಮುನ್ನಾದಿನಗಳಲ್ಲಿ ರಸ್ತೆ ಬದಿಯಲ್ಲಿ ಹಲಸಿನ ಸೊಪ್ಪಿನ ಕಟ್ಟುಗಳು ದುಡ್ಡಿಗೆ ಮಾರಾಟವಾಗುವುದನ್ನು ನೋಡಿದವರಿಗೆ ಅದರ ಬೆಲೆಯನ್ನು ನಾವು ಹೇಳಬೇಕಾಗಿಲ್ಲ.

ಲೆಕ್ಕವೂ ದೊಡ್ಡದಲ್ಲ. ಇಪ್ಪತ್ತೈದು ಕಿಲೋ ತೂಗುವ ಆಡಿಗೆ ದಿನಕ್ಕೆ ಹತ್ತಿರಹತ್ತಿರ ಒಂದು ಕಿಲೋ ಒಣ ತೂಕದ ಮೇವು ಬೇಕು. ಹಸಿ ಹಲಸಿನ ಸೊಪ್ಪಿನ ಅರ್ಧಕ್ಕಿಂತ ಹೆಚ್ಚು ಪಾಲು ನೀರು; ಪೂರ್ತಿ ಸೊಪ್ಪನ್ನೇ ಹಾಕುವುದಾದರೆ ಎರಡೂವರೆ ಕಿಲೋ ಆದೀತು. ಅರ್ಧ ಸೊಪ್ಪು, ಅರ್ಧ ಹುಲ್ಲು ಎಂದಿಟ್ಟುಕೊಂಡರೆ ಒಂದೂಕಾಲು ಕಿಲೋ ಸಾಕು. ಶಿರಾದ ಆ ಹೆಣ್ಣುಮಗಳ ಏಳು ಆಡಿಗೆ ದಿನಕ್ಕೆ ಒಂಬತ್ತು ಕಿಲೋ ಸೊಪ್ಪು. ಒಂದು ತಲೆಹೊರೆಯ ಅರ್ಧವೂ ಅಲ್ಲದ ಈ ಸೊಪ್ಪಿಗಾಗಿ ಆಕೆಯ ಕುಡುಗೋಲು ಹೋಯಿತು.

ಸೊಪ್ಪಿಗೆ ಒಂದು ದೋಷವೂ ಉಂಟು, ಒಗರು. ಹಿಂದೆ ಚರ್ಮ ಹದಮಾಡುವವರು ತಂಗಡಿ ತೊಗಟೆಯನ್ನು ಹುಡುಕಿಕೊಂಡು ಹೋಗುತ್ತಿದ್ದುದು ಈ ಒಗರಿಗಾಗಿಯೇ. ಟ್ಯಾನಿನ್ ಎಂದು ಅದರ ಹೆಸರು. ಅದು ಪ್ರೋಟೀನನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಮಿತವಾಗಿದ್ದರೆ ಲಾಭವುಂಟು, ಹೊಟ್ಟೆಹುಳುಗಳ ಕಾಟವನ್ನು ಸ್ವಲ್ಪ ತಗ್ಗಿಸುತ್ತದೆಂದೂ ಪ್ರಯೋಗಗಳು ತೋರಿಸಿವೆ. ಮಿತಿಮೀರಿದರೆ ತಿಂದದ್ದು ದಕ್ಕುವುದಿಲ್ಲ. ಆಡು ಒಗರನ್ನು ತಾಳುವಷ್ಟು ಹಸು ತಾಳಲಾರದು. ಆದ್ದರಿಂದ ಆಡಿಗೆ ಮೇವಿನ ಅರ್ಧದವರೆಗೆ ಸೊಪ್ಪು ಕೊಡಬಹುದು. ಹಸು ಎಮ್ಮೆಗಳಿಗೆ ಹುಲ್ಲಿನೊಡನೆ ಬೆರಕೆಯಾಗಿ ಮಾತ್ರ. ಕಡಿದ ಸೊಪ್ಪನ್ನು ಅರ್ಧ ದಿನ ಬಾಡಲು ಬಿಟ್ಟು ಹಾಕುವುದು ಲೇಸು. ಎಂದೂ ತಿನ್ನದ ಪ್ರಾಣಿಗೆ ಒಂದು ಹಿಡಿಯಿಂದ ಮೊದಲಿಟ್ಟು ಎಂಟು ಹತ್ತು ದಿನಗಳಲ್ಲಿ ಏರಿಸಬೇಕು. ಬೂಸು ಹಿಡಿದ ಸೊಪ್ಪನ್ನು ಯಾವುದಕ್ಕೂ ಹಾಕಬಾರದು.

ಒಂದೇ ಸೊಪ್ಪನ್ನು ನೆಚ್ಚಿದರೆ ಏನಾಗುತ್ತದೆಂಬುದಕ್ಕೆ ಚರಿತ್ರೆಯಲ್ಲಿ ಒಂದು ಪ್ರಸಂಗವಿದೆ. ಯೂರೋಪಿನ ಚಿತ್ರಗಾರರು ಬಹಳ ಮೆಚ್ಚುತ್ತಿದ್ದ ‘ಇಂಡಿಯನ್ ಯೆಲ್ಲೋ’ ಎಂಬ ಹೊಳೆಯುವ ಹಳದಿ ಬಣ್ಣ ನಮ್ಮ ದೇಶದಿಂದ ಹೋಗುತ್ತಿತ್ತು. ಅದನ್ನು ಹೇಗೆ ಮಾಡುತ್ತಾರೆಂದು ಹುಡುಕಿ ಹೊರಟ ತ್ರೈಲೋಕ್ಯನಾಥ ಮುಖರ್ಜಿಯವರು ಬಿಹಾರದ ಮುಂಗೇರಿನ ಬಳಿಯ ಮಿರ್ಜಾಪುರವೆಂಬ ಹಳ್ಳಿಗೆ ಹೋಗಿಬಂದು 1883ರಲ್ಲಿ ಲಂಡನ್ನಿನ ಕಲಾ ಸೊಸೈಟಿಗೆ ಪತ್ರ ಬರೆದರು. ಅಲ್ಲಿನ ಗೊಲ್ಲರು ಹಸುಗಳಿಗೆ ಮಾವಿನ ಎಲೆ ಮತ್ತು ನೀರು, ಇವೆರಡನ್ನೇ ಹಾಕಿ, ಅವುಗಳ ಮೂತ್ರವನ್ನು ಹಿಡಿದು, ಕಾಯಿಸಿ, ಸೋಸಿ, ಹಳದಿ ಉಂಡೆ ಕಟ್ಟುತ್ತಿದ್ದರು. ಉಂಡೆಗಳು ಕಲ್ಕತ್ತೆಗೆ ಹೋಗುತ್ತಿದ್ದವು. ಹಸುಗಳು ಸೊರಗಿದ್ದವು. ಈ ಕಥೆಯನ್ನು ನಂಬದವರೂ ಬಹಳ ಕಾಲ ಇದ್ದರು. ಇತ್ತೀಚಿನ ರಾಸಾಯನಿಕ ಪರೀಕ್ಷೆ ಮುಖರ್ಜಿಯವರ ಮಾತನ್ನೇ ಪುಷ್ಟೀಕರಿಸಿದೆ. ಬೇರೆಯವರ ಗೋಡೆಯ ಚಿತ್ರಕ್ಕೆ ಬಣ್ಣ ಬರಲೆಂದು ಇಲ್ಲಿಯ ಹಸು ಬಡವಾಗುವುದು ವಸಾಹತು ಕಾಲದ ಸಣ್ಣ ಸಂಗತಿಯೇನೂ ಅಲ್ಲ. ಆದರೆ ಇಲ್ಲಿ ಅದನ್ನು ಹೇಳಿದ್ದು ಬೇರೆ ಕಾರಣಕ್ಕೆ: ಮಾವಿನ ಎಲೆ ಹಸುವಿಗೆ ಅನ್ನವಲ್ಲ, ಉಪ್ಪಿನಕಾಯಿಯಂತೆ ಸ್ವಲ್ಪ ಮಾತ್ರ. ತಿಂಗಳುಗಟ್ಟಲೆ ಅದನ್ನೇ ಹಾಕಿದರೆ ದನ ಉಳಿಯುವುದಿಲ್ಲ.

ಯಾವ ಮರದಿಂದ ಯಾವಾಗ ಸೊಪ್ಪು ಕಡಿಯಬೇಕೆಂಬುದೂ ಕರಪತ್ರಗಳಲ್ಲಿ ಸರಿಯಾಗಿ ಇರುವುದಿಲ್ಲ. ಹಲಸಿನ ಹಣ್ಣು ಬಿಡುವುದು ಬೊಡ್ಡೆಯಲ್ಲಿ, ದಪ್ಪ ಕೊಂಬೆಗಳಲ್ಲಿ. ಹೊರಗಿನ ಸಣ್ಣ ರೆಂಬೆಗಳ ಸೊಪ್ಪನ್ನು ಹದವರಿತು ತೆಗೆದರೆ ಫಸಲಿಗೆ ಅಷ್ಟೊಂದು ನಷ್ಟವಿಲ್ಲ. ಮಾವು ಹಾಗಲ್ಲ, ಅದು ಹೂ ಬಿಡುವುದೇ ರೆಂಬೆಯ ತುದಿಯಲ್ಲಿ. ದೀಪಾವಳಿಯ ಹೊತ್ತಿಗೆ ಮಾವಿನ ಸೊಪ್ಪು ಮುರಿದವನು ಯುಗಾದಿಯ ನಂತರದ ಕಾಯಿಯನ್ನು ಮುರಿದಂತೆಯೇ ಸರಿ. ಮಾವನ್ನು ಕೊಯ್ಲು ಮುಗಿದೊಡನೆ, ಆಷಾಢ ಶ್ರಾವಣಗಳಲ್ಲಿ ಮಾತ್ರ ಸವರಬೇಕು. ಶ್ರೀನಿವಾಸಪುರದ ಸುತ್ತಿನಲ್ಲಿಯೂ ನಮ್ಮ ಜಿಲ್ಲೆಯ ತೋಟಗಳಲ್ಲಿಯೂ ಹೀಗೆ ಸವರಿದ ಸೊಪ್ಪು ತೋಟದ ಮೂಲೆಯಲ್ಲಿ ಬಿದ್ದು ಒಣಗಿ ಬೆಂಕಿಗೆ ಹೋಗುವುದನ್ನು ಎಷ್ಟೋ ಸಲ ಕಂಡಿದ್ದೇವೆ. ಹುಣಸೆ, ನೇರಳೆ ಸೊಪ್ಪುಗಳನ್ನು ಆಡು ತಿನ್ನುತ್ತದೆ. ಅವುಗಳಲ್ಲಿ ಒಗರು, ಹುಳಿ ಹೆಚ್ಚು, ಬೆರಕೆಗೆ ಆದೀತು. ಅತ್ತಿ, ಬಸರಿಗಳು ಆಡಿಗೂ ಹಕ್ಕಿಗೂ ಒಟ್ಟಿಗೆ ಉಣಬಡಿಸುವ ಮರಗಳು. ಬಾಳೆಯ ದಿಂಡನ್ನು ಕೊಚ್ಚಿ ಹಾಕಿದರೆ ಹಸು ಆಸೆಯಿಂದ ತಿನ್ನುತ್ತದೆ, ಬಾಯಾರಿಕೆ ತಣಿಯುತ್ತದೆ. ಅದರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ನೀರೇ ಎಂಬುದನ್ನು ನೆನಪಿಟ್ಟುಕೊಂಡರೆ ಸಾಕು.

ಎಲಚಿಯ ಬಗ್ಗೆ ಎರಡು ಮಾತು ಹೆಚ್ಚು ಹೇಳಬೇಕು. ಬಯಲುಸೀಮೆಯ ಕಲ್ಲುನೆಲದಲ್ಲಿ ಯಾರೂ ನೀರು ಹಾಕದೆ ಬೆಳೆಯುವ ಈ ಮುಳ್ಳುಗಿಡವನ್ನು ನಾವು ಬೇಲಿಗೆ ಕಡಿದು ಹಾಕುತ್ತೇವೆ. ರಾಜಸ್ಥಾನದವರು ಅದರ ಕಿರಿಯ ಜಾತಿಯ ಗಿಡವನ್ನು ಮಳೆಗಾಲ ಕಳೆದ ಮೇಲೆ ಕಡಿದು, ಒಣಗಿಸಿ, ಬಡಿದು, ಮುಳ್ಳಿನಿಂದ ಎಲೆಯನ್ನು ಬೇರೆ ಮಾಡಿ ಕೂಡಿಟ್ಟುಕೊಳ್ಳುತ್ತಾರೆ. ‘ಪಾಲಾ’ ಎಂದು ಅದಕ್ಕೆ ಹೆಸರು. ಒಂಟೆ, ಕುರಿ, ಆಡು, ಹಸುಗಳೆಲ್ಲ ಬೇಸಿಗೆಯಲ್ಲಿ ಅದನ್ನು ತಿಂದು ಬದುಕುತ್ತವೆ. ಪಾವಗಡದ ಬಿಸಿಲು ರಾಜಸ್ಥಾನದ ಬಿಸಿಲಿಗಿಂತ ಬಹಳ ಬೇರೆಯಲ್ಲ. ಒಣಗಿಸಿಡುವ ಈ ಕೆಲಸವನ್ನು ಕಲಿಸುವ ಶಿಬಿರವೊಂದು ಅಲ್ಲಿ ನಡೆದರೆ ನಾವು ಮೆಚ್ಚಿ ಬರೆಯುತ್ತೇವೆ.

ಔಷಧ ಹೊಡೆದ ತೋಟದ ಸೊಪ್ಪಿನ ಬಗ್ಗೆ ಮಾತ್ರ ಗಟ್ಟಿಯಾಗಿ ಎಚ್ಚರ ಹೇಳಬೇಕಾಗಿದೆ. ಮಾವಿನ ಜಿಗಿಹುಳುವಿಗೆ ಹೊಡೆಯುವ ವಿಷ, ದಾಳಿಂಬೆಗೆ ವಾರ ವಾರ ಹೊಡೆಯುವ ವಿಷ, ದ್ರಾಕ್ಷಿಯ ಚಾಟಣಿಯಲ್ಲಿ ಬಿದ್ದ ಬಳ್ಳಿಯ ಮೇಲಿನ ವಿಷ, ಇವು ಮಳೆಗೆ ತೊಳೆದುಹೋಗುತ್ತವೆಂದು ನಂಬಿ ಕೂರಬಾರದು. ಮೈಲುತುತ್ತವನ್ನೂ ಸುಣ್ಣವನ್ನೂ ಕೂಡಿಸಿ ಮಾಡುವ ಬೋರ್ಡೋ ದ್ರಾವಣ ಹಳೆಯ ಕಾಲದ್ದು, ಸಾಧು ಎಂದು ಅನೇಕರು ತಿಳಿದಿದ್ದಾರೆ. ಕುರಿಗೆ ಅದು ಸಾಧುವಲ್ಲ. ಕುರಿಯ ಯಕೃತ್ತು ತಾಮ್ರವನ್ನು ಹೊರಗೆ ಹಾಕಲಾರದೆ ಕೂಡಿಡುತ್ತ ಹೋಗುತ್ತದೆ. ವಾರಗಟ್ಟಲೆ ಏನೂ ಕಾಣುವುದಿಲ್ಲ. ಒಂದು ದಿನ ಇದ್ದಕ್ಕಿದ್ದಂತೆ ಕಂದುಗೆಂಪು ಮೂತ್ರ ಹೊಯ್ದು ಬಿದ್ದುಬಿಡುತ್ತದೆ. ಕಾಯಿಲೆ ಏನೆಂದು ಕುರಿಯವನಿಗೆ ತಿಳಿಯುವುದರೊಳಗೆ ಹಟ್ಟಿ ಅರ್ಧ ಬರಿದಾಗಿರುತ್ತದೆ. ತೋಟದವರು ಸವರಿದ ಸೊಪ್ಪನ್ನು ಬಡವರಿಗೆ ಕೊಟ್ಟು ಪುಣ್ಯ ಕಟ್ಟಿಕೊಳ್ಳುವ ಮುನ್ನ ಏನು ಹೊಡೆದಿದ್ದೇವೆ, ಎಂದು ಹೊಡೆದಿದ್ದೇವೆ ಎಂಬುದನ್ನು ಹೇಳಬೇಕು. ಹೇಳಲು ಸಂಕೋಚವಾದರೆ ಕೊಡದಿರುವುದೇ ಉಪಕಾರ.

ಇಷ್ಟು ಸೊಪ್ಪಿನ ಮಾತು. ಇನ್ನು ಮರದ ಮಾತು.

ಉಪದೇಶ ಮಾಡುವವರು ಕೇಳದಿರುವ ಪ್ರಶ್ನೆ ಇದು: ಹಲಸಿನ ಸೊಪ್ಪು ಒಳ್ಳೆಯದು, ಒಪ್ಪಿದೆವು, ಹಲಸಿನ ಮರ ಯಾರದು? ಉತ್ತರ ಕನ್ನಡದ ಅಡಿಕೆ ತೋಟದವರಿಗೆ ಬ್ರಿಟಿಷರ ಕಾಲದಿಂದಲೂ ಸೊಪ್ಪಿನ ಬೆಟ್ಟದ ಹಕ್ಕುಂಟು. ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೂ ಬೆಟ್ಟ. ಮಲೆನಾಡಿನಲ್ಲಿ ಸೊಪ್ಪಿನಬೆಟ್ಟ, ದಕ್ಷಿಣ ಕನ್ನಡದಲ್ಲಿ ಕುಮ್ಕಿ, ಕೊಡಗಿನಲ್ಲಿ ಬಾಣೆ. ತೋಟಕ್ಕೆ ಗೊಬ್ಬರವಾಗುವ ಸೊಪ್ಪಿನ ಮೇಲೆ ಭೂಮಿಯುಳ್ಳವನಿಗೆ ಹಕ್ಕು ಇರಬಹುದೆಂಬುದನ್ನು ಕಾನೂನು ಹೀಗೆ ನೂರು ವರ್ಷಗಳ ಹಿಂದೆಯೇ ಒಪ್ಪಿದೆ. ಆ ಹಕ್ಕನ್ನು ಕಿತ್ತುಕೊಳ್ಳಿರೆಂದು ನಾವು ಹೇಳುತ್ತಿಲ್ಲ. ಅಡಿಕೆ ಮರದ ಬುಡಕ್ಕೆ ಬೇಕಾದ ಸೊಪ್ಪಿಗೆ ಹಕ್ಕುಪತ್ರವಿರುವಾಗ, ಭೂಮಿಯಿಲ್ಲದವನ ಆಡಿನ ಬಾಯಿಗೆ ಬೇಕಾದ ಸೊಪ್ಪಿಗೆ ಏಕಿಲ್ಲ ಎಂದು ಮಾತ್ರ ಕೇಳುತ್ತೇವೆ.

ರಸ್ತೆ ಬದಿಯ ಸಾಲುಮರಗಳ ಹುಣಸೆ ಫಸಲನ್ನು ಹರಾಜು ಹಾಕುತ್ತಾರೆ. ಹರಾಜು ಹಿಡಿದವನು ಕಾಯಿ ಬಡಿಸಿಕೊಂಡು ಹೋಗುತ್ತಾನೆ. ವಿದ್ಯುತ್ ತಂತಿಗೆ ತಾಗುವ ಕೊಂಬೆಗಳನ್ನು ಮಳೆಗಾಲಕ್ಕೆ ಮುಂಚೆ ಕಡಿದು ಚರಂಡಿಗೆ ಎಸೆಯುತ್ತಾರೆ. ರಸ್ತೆ ಅಗಲ ಮಾಡುವಾಗ ಮರಕ್ಕೆ ಮರವೇ ಹೋಗುತ್ತದೆ. ಇದೆಲ್ಲ ಕ್ರಮಬದ್ಧ. ಕ್ರಮತಪ್ಪಿದ್ದು ಕುಡುಗೋಲು ಹಿಡಿದ ಹೆಂಗಸು ಮಾತ್ರ. 1871ರ ದನಗಳ ಅತಿಕ್ರಮ ಪ್ರವೇಶದ ಕಾಯಿದೆಯಲ್ಲಿ ‘ದನ’ ಎಂದರೇನೆಂದು ವಿವರಿಸುವಾಗ ಆನೆ, ಒಂಟೆಗಳಿಂದ ಹಿಡಿದು ಆಡು, ಆಡಿನ ಮರಿಯವರೆಗೆ ಪಟ್ಟಿ ಕೊಟ್ಟಿದ್ದರು. ದೊಡ್ಡಿಗೆ ಕೂಡಿ ದಂಡ ವಸೂಲು ಮಾಡುವಾಗ ಆಡಿನ ಮರಿಯೂ ದನವಾಗಿತ್ತು. ಬರಗಾಲದ ಹುಲ್ಲು ಹಂಚುವ ದಿನ ಅದೇ ಮರಿ ಯಾವ ಪಟ್ಟಿಯಲ್ಲಿಯೂ ಕಾಣದೆ ಹೋಗುವುದು ಹೇಗೆ?

ಪಾವಗಡ ತಾಲ್ಲೂಕಿನ ತಿರುಮಣಿಯ ಸುತ್ತ ಸುಮಾರು 13,000 ಎಕರೆಯಲ್ಲಿ ಸೂರ್ಯಶಕ್ತಿಯ ಹಲಗೆಗಳು ನಿಂತಿವೆ. ಜಮೀನುಳ್ಳವರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಗೇಣಿ ಗೊತ್ತುಮಾಡಿದರು. ಮಳೆ ಕಾಣದ ನೆಲದ ರೈತನಿಗೆ ಅದು ದಕ್ಕಿದ್ದು ಸಂತೋಷವೇ. ಆದರೆ ಆ ಬೀಳುಗಳಲ್ಲಿ, ಬದುಗಳ ಎಲಚಿ ಪೊದೆಗಳಲ್ಲಿ ಆಡು ಮೇಯಿಸಿಕೊಂಡಿದ್ದವನಿಗೆ ಆ ಕರಾರಿನಲ್ಲಿ ಒಂದು ಸಾಲೂ ಇರಲಿಲ್ಲ. ಅವನು ಆಡುಗಳನ್ನು ಮಾರಿ ಊರು ಬಿಟ್ಟರೆ ಅದನ್ನು ಯಾರೂ ನಷ್ಟವೆಂದು ಬರೆದುಕೊಳ್ಳುವುದಿಲ್ಲ.

ಗೋಮಾಳದ ಕಥೆಯೂ ಇದೇ. 1964ರ ಭೂಕಂದಾಯ ಕಾಯಿದೆಯ ಕೆಳಗೆ 1966ರಲ್ಲಿ ಮಾಡಿದ ನಿಯಮಗಳಲ್ಲಿ ನೂರು ದನಗಳಿಗೆ 12 ಹೆಕ್ಟೇರಿನಂತೆ ಗೋಮಾಳ ಬಿಡಬೇಕೆಂದಿದೆ. ಹಳೆಯ ಲೆಕ್ಕದಲ್ಲಿ ಮೂವತ್ತು ಎಕರೆ. ಕಡಿಮೆ ಮಾಡಲು ಅದೇ ನಿಯಮದಲ್ಲಿ ಬಾಗಿಲೂ ಇದೆ, ಆ ಬಾಗಿಲಿನಿಂದ ಎಷ್ಟು ಗೋಮಾಳ ಹೊರಟುಹೋಯಿತೆಂಬುದನ್ನು ತಮ್ಮ ತಮ್ಮ ಊರಿನ ನಕ್ಷೆ ತೆಗೆದು ನೋಡಿದವರು ತಿಳಿಯಬಹುದು. ಎರಡೆಕರೆ ಬಗರ್‌ಹುಕುಂ ಸಾಗುವಳಿ ಮಾಡಿಕೊಂಡು ಬದುಕಿರುವ ಬಡವನ ವಿರುದ್ಧ ನಾವು ಮಾತಾಡುತ್ತಿಲ್ಲ. ಅವನಿಗೂ ಆಡಿನವನಿಗೂ ಜಗಳ ಹಚ್ಚಿ ದೂರ ನಿಂತು ನೋಡುವವರು ಬೇರೆಯೇ ಇದ್ದಾರೆ. ಊರಿನ ಸಾಮೂಹಿಕ ಭೂಮಿಯ ಒತ್ತುವರಿಯನ್ನು ಬಿಡಿಸಬೇಕೆಂದು ಸುಪ್ರೀಂ ಕೋರ್ಟು 2011ರಲ್ಲಿ ಜಗಪಾಲ್ ಸಿಂಗ್ ಮೊಕದ್ದಮೆಯಲ್ಲಿ ಎಲ್ಲ ರಾಜ್ಯಗಳಿಗೂ ಹೇಳಿತು. ಬಡಾವಣೆಯ ಕಲ್ಲು ನೆಟ್ಟ ಗೋಮಾಳಗಳಿಂದ ಆ ತೀರ್ಪನ್ನು ಮೊದಲುಮಾಡಬಹುದಾಗಿತ್ತು.

ನಮ್ಮ ಭಯ ಇಷ್ಟೇ. ಗೋಮಾಳ ಹೋಯಿತು, ಬೀಳು ಹೋಯಿತು, ಹುಲ್ಲು ಹೋಯಿತು. ಈಗ ‘ಪರ್ಯಾಯ ಮೇವು’ ಎಂಬ ಚಂದದ ಮಾತೊಂದು ಬಂದು ಹೋದದ್ದನ್ನೆಲ್ಲ ಮುಚ್ಚಿಬಿಟ್ಟೀತು. ಸೊಪ್ಪು ಇದೆಯಲ್ಲ, ಹುಲ್ಲುಗಾವಲು ಏಕೆ ಎಂದು ನಾಳೆ ಕೇಳಿಯಾರು. ಹಲಸಿನ ಸೊಪ್ಪು ಬೇಸಿಗೆಯ ನೂರು ದಿನಗಳನ್ನು ದಾಟಿಸುವ ದೋಣಿ. ದೋಣಿ ಕೊಟ್ಟೆವೆಂದು ಕಾಲಕೆಳಗಿನ ನೆಲವನ್ನು ಕಸಿದುಕೊಳ್ಳುವುದು ನ್ಯಾಯವಲ್ಲ.

ಮರ ಯಾವುದಿರಬೇಕೆಂಬ ಪ್ರಶ್ನೆಯನ್ನು ನಮ್ಮ ಜಿಲ್ಲೆಯ ಜನ ಹಿಂದೆಯೇ ಕೇಳಿದ್ದಾರೆ, ಉತ್ತರವನ್ನೂ ಕೊಟ್ಟಿದ್ದಾರೆ. ವಿಶ್ವ ಬ್ಯಾಂಕಿನ ಸಾಲದಲ್ಲಿ ಸಾಮಾಜಿಕ ಅರಣ್ಯ ಎಂಬ ಹೆಸರಿನಿಂದ ನೀಲಗಿರಿ ಸಸಿಗಳನ್ನು ಲಕ್ಷಗಟ್ಟಲೆ ಬೆಳೆಸುತ್ತಿದ್ದ ಕಾಲ. 1983ರ ಆಗಸ್ಟಿನಲ್ಲಿ ತುಮಕೂರು ಜಿಲ್ಲೆಯ ಎರಡು ಹಳ್ಳಿಗಳ ಸಣ್ಣ ರೈತರು ಮೆರವಣಿಗೆಯಲ್ಲಿ ಅರಣ್ಯ ನರ್ಸರಿಗೆ ನಡೆದುಹೋಗಿ ನೀಲಗಿರಿ ಸಸಿಗಳನ್ನು ಕಿತ್ತುಹಾಕಿದರು. ಕಿತ್ತು ಸುಮ್ಮನೆ ಬರಲಿಲ್ಲ. ಅದೇ ಜಾಗದಲ್ಲಿ ಹುಣಸೆ ಬೀಜ, ಮಾವಿನ ಓಟೆಗಳನ್ನು ಊರಿ ಬಂದರು. ನಾಲ್ಕು ವರ್ಷದ ಮೇಲೆ, 1987ರ ನವೆಂಬರಿನಲ್ಲಿ, ಆಗಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ಕಿತ್ತು ಹಚ್ಚುವ ಸತ್ಯಾಗ್ರಹ ನಡೆಯಿತು. ಹರಿಹರದ ಕಾರ್ಖಾನೆಯ ಮರದ ತಿರುಳಿಗಾಗಿ ಸರ್ಕಾರವೂ ಕಂಪನಿಯೂ ಸೇರಿ ಸುಮಾರು 75,000 ಎಕರೆ ಸಾಮೂಹಿಕ ಭೂಮಿಯಲ್ಲಿ ನೀಲಗಿರಿ ಬೆಳೆಯಹೊರಟಿದ್ದವು. ಜನ ಅಲ್ಲಿಯೂ ನೀಲಗಿರಿ ಕಿತ್ತು ಹಣ್ಣಿನ, ಮೇವಿನ ಗಿಡಗಳನ್ನು ನೆಟ್ಟರು. 1991ರಲ್ಲಿ ಆ ಜಂಟಿ ಕಂಪನಿಯನ್ನು ಮುಚ್ಚಬೇಕಾಯಿತು. ಹೊಸದಾಗಿ ನೀಲಗಿರಿ ನೆಡಬಾರದೆಂಬ ಆಜ್ಞೆಯನ್ನು ರಾಜ್ಯ ಸರ್ಕಾರ ಹೊರಡಿಸಿದ್ದು 2017ರಲ್ಲಿ. ತುಮಕೂರಿನ ರೈತನಿಗೆ ತಿಳಿದದ್ದು ವಿಧಾನಸೌಧಕ್ಕೆ ತಿಳಿಯಲು ಮೂವತ್ತನಾಲ್ಕು ವರ್ಷ ಹಿಡಿಯಿತು. ಹಳೆಯ ತೋಪುಗಳ ಬೊಡ್ಡೆಗಳು ಮಾತ್ರ ಕಡಿದಂತೆಲ್ಲ ಚಿಗುರುತ್ತಲೇ ಇವೆ.

ಹಾಗಾದರೆ ಆಗಬೇಕಾದದ್ದೇನು? ಗೋಮಾಳಗಳ ಅಂಚಿನಲ್ಲಿ, ಕೆರೆಯ ಏರಿಗೆ ಧಕ್ಕೆಯಾಗದಷ್ಟು ದೂರದಲ್ಲಿ, ಶಾಲೆ ಆಸ್ಪತ್ರೆಗಳ ಅಂಗಳದಲ್ಲಿ ಹಲಸು, ಅತ್ತಿ, ಬಸರಿ, ಎಲಚಿಗಳನ್ನು ನೆಟ್ಟು, ಅವುಗಳ ಸೊಪ್ಪು ಊರಿನ ಭೂಮಿಯಿಲ್ಲದ ಆಡು ಸಾಕುವವರದೆಂದು ಗ್ರಾಮಸಭೆಯಲ್ಲಿ ಬರೆದಿಡಬೇಕು. ಹಣ್ಣನ್ನು ಬೇಕಾದರೆ ಪಂಚಾಯತಿ ಹರಾಜು ಹಾಕಿಕೊಳ್ಳಲಿ. ಮರದ ನೆತ್ತಿಯಲ್ಲಿ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಕಡಿಯಬಾರದು, ಒಂದು ವರ್ಷ ಕಡಿದ ಮರಕ್ಕೆ ಮಾರನೆಯ ವರ್ಷ ವಿಶ್ರಾಂತಿ ಕೊಡಬೇಕು ಎಂಬ ಕಟ್ಟಳೆಯನ್ನು ಆಡಿನವರೇ ಮಾಡಿಕೊಳ್ಳಬಲ್ಲರು. ಮರ ಸತ್ತರೆ ಮೊದಲು ಉಪವಾಸ ಬೀಳುವುದು ಅವರ ಆಡೇ. ರಸ್ತೆ ಬದಿಯಲ್ಲಿ, ತಂತಿಯ ಕೆಳಗೆ ಕಡಿಯುವ ಸೊಪ್ಪನ್ನು ಎಂದು, ಎಲ್ಲಿ ಕಡಿಯುತ್ತಾರೆಂದು ಮುಂಚಿನ ದಿನ ಊರಲ್ಲಿ ಸಾರಿಸಲು ಒಂದು ಕಾಸೂ ಖರ್ಚಿಲ್ಲ. ಬರದ ಮೇವು ಹಂಚುವಲ್ಲಿ ಪಹಣಿಯ ಬದಲು ಪ್ರಾಣಿಯ ತಲೆ ಎಣಿಸಬೇಕು. ತಿಪಟೂರಿನ ಬಳಿ ಕೊನೇಹಳ್ಳಿಯಲ್ಲಿ ಅಮೃತಮಹಲ್ ತಳಿಯ ಸಂಶೋಧನಾ ಕೇಂದ್ರವಿದೆ. ನಮ್ಮ ಜಿಲ್ಲೆಯ ಹತ್ತಾರು ಬಗೆಯ ಸೊಪ್ಪುಗಳನ್ನು ಪರೀಕ್ಷಿಸಿ, ಯಾವುದನ್ನು ಎಷ್ಟು ಹಾಕಬಹುದೆಂದು ಕನ್ನಡದಲ್ಲಿ ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿದರೆ ನಮ್ಮ ಪತ್ರಿಕೆಯೊಡನೆ ಅದನ್ನು ಊರೂರಿಗೆ ಮುಟ್ಟಿಸುವ ಹೊಣೆ ನಮ್ಮದು.

ಸರ್ಕಾರದ ಅಪ್ಪಣೆಗಾಗಿ ಕಾಯಬೇಕಾಗಿಲ್ಲದ ಕೆಲಸವೂ ಒಂದಿದೆ. ಹಲಸಿನ ಬೀಜ ಒಣಗಿದರೆ ಮೊಳೆಯುವುದಿಲ್ಲ. ಹಣ್ಣು ಬಿಡಿಸಿದ ಕೆಲವು ವಾರಗಳೊಳಗೆ ಊರಬೇಕು. ನಮ್ಮ ಕಡೆ ಹಲಸು ಹಣ್ಣಾಗುವುದೂ ಮುಂಗಾರು ಬೀಳುವುದೂ ಒಟ್ಟಿಗೆ. ಈ ಸಲ ಗುಬ್ಬಿ, ತುಮಕೂರು ಕಡೆಯ ಹಣ್ಣು ಶಿರಾ, ಪಾವಗಡಗಳ ಸಂತೆಗೆ ಬಂದಾಗ ತೊಳೆ ತಿಂದವರು ಬೀಜವನ್ನು ತಿಪ್ಪೆಗೆ ಎಸೆಯದೆ, ಸಾರಿಗೂ ಹಾಕದೆ, ಹತ್ತು ಬೀಜವನ್ನಾದರೂ ಕೊಟ್ಟೆಯಲ್ಲಿ ಊರಿಡಲಿ. ಆಷಾಢದ ಸೋನೆ ಹಿಡಿಯುವ ಹೊತ್ತಿಗೆ ಸಸಿ ಗೇಣುದ್ದವಾಗಿರುತ್ತದೆ. ಗೋಮಾಳದ ಯಾವ ಅಂಚಿನಲ್ಲಿ ನೆಡಬೇಕು, ಮೊದಲ ಮೂರು ವರ್ಷ ಅದೇ ಆಡುಗಳ ಬಾಯಿಂದ ಅದನ್ನು ಯಾರು ಕಾಯಬೇಕು ಎಂಬುದನ್ನು ಆ ವೇಳೆಗೆ ಗ್ರಾಮಸಭೆ ಸೇರಿಸಿ ಗೊತ್ತುಮಾಡಿಕೊಳ್ಳಬೇಕು. ಶಿರಾದ ಆ ಹೆಣ್ಣುಮಗಳು ತನ್ನೂರಿನ ಸಭೆಗೆ ತಾನು ಬರುವೆನೆಂದೂ, ಬೇಲಿಗೆ ಬೇಕಾದ ಎಲಚಿ ಮುಳ್ಳು ತಾನೇ ತರುವೆನೆಂದೂ ಹೇಳಿ ಹೋಗಿದ್ದಾಳೆ. ಸಭೆಯ ದಿನ ಗೊತ್ತಾದೊಡನೆ ಪ್ರಕಟಿಸುತ್ತೇವೆ.